ಮೂರೂವರೆ ತಿಂಗಳ ಮಗೂಗೆ ಕೆನ್ನೆ ತುಂಬ ಇಸಬು, ಮುಂದೆ ಅಲರ್ಜಿನೂ ಬರುತ್ತಾ?

ಚಿನ್ನುಅಮ್ಮ_ಬೆಂಗಳೂರು

ಎಲ್ರಿಗೂ ನಮಸ್ಕಾರ. ನಮ್ ಮಗೂಗೆ ಈಗ ಮೂರೂವರೆ ತಿಂಗಳು, ಗಂಡು ಮಗು, ಮೊದಲನೇದು, ಸಿಸೇರಿಯನ್ ಆಗಿದ್ದು, ಬರೀ ಎದೆಹಾಲು ಕುಡೀತಾನೆ. ಎರಡು ತಿಂಗಳು ತುಂಬೋ ಹೊತ್ಗೆ ಕೆನ್ನೆ ಮೇಲೆ ಕೆಂಪಗೆ ಒರಟು ಒರಟಾಗಿ ಶುರುವಾಯ್ತು, ಬೆವರುಸಾಲೆ ಇರ್ಬೇಕು ಅಂತ ಸುಮ್ನಿದ್ವಿ, ಆಮೇಲೆ ಹಣೆ, ಮೊಣಕೈ ಹೊರಗಡೆ ಭಾಗ, ಕಾಲು ಎಲ್ಲಾ ಕಡೆ ಬಂತು. ಈಗ ಎರಡೂ ಕೆನ್ನೇಲಿ ನೀರು ಒಸರಿ ಹಳದಿ ಹಕ್ಕಳೆ ಕಟ್ಟಿದೆ, ಡೈಪರ್ ಹಾಕೋ ಜಾಗ ಮಾತ್ರ ಕ್ಲೀನಾಗಿದೆ. ರಾತ್ರಿ ಎತ್ಕೊಂಡ್ರೆ ಮುಖ ತಗೊಂಡು ನನ್ನ ಭುಜಕ್ಕೆ ಉಜ್ಜಿ ಉಜ್ಜಿ ಅಳ್ತಾನೆ, ನೋಡೋಕಾಗಲ್ಲ.

ನನಗೆ ಚಿಕ್ಕೋಳಿದ್ದಾಗ ಮಂಡಿ ಹಿಂದೆ ಇಸಬು ಇತ್ತಂತೆ, ಯಜಮಾನ್ರಿಗೆ ವೀಸಿಂಗು, ಧೂಳು ಬಿದ್ರೆ ಸಾಲಾಗಿ ಸೀನು. ಇದೇ ಕಾರಣಾನಾ? ನಮ್ಮತ್ತೆ ಹೇಳೋದು ನಾನು ಬದನೆಕಾಯಿ, ಕಡ್ಲೆಕಾಯಿ ಎಲ್ಲಾ ತಿಂದು ಹಾಲಲ್ಲಿ ನಂಜಾಗಿದೆ ಅಂತ, ಅದಕ್ಕೆ ಈಗ ಬರೀ ಅನ್ನ ಮೆಣಸಿನ ಸಾರಲ್ಲಿದ್ದೀನಿ, ಆದ್ರೂ ಕಮ್ಮಿ ಆಗಿಲ್ಲ. ಪಕ್ಕದ್ಮನೆಯವರು ಮೊಟ್ಟೆ ಎರಡು ವರ್ಷ, ಕಡ್ಲೆಕಾಯಿ ಮೂರು ವರ್ಷ ತನಕ ಮುಟ್ಟಿಸಬೇಡಿ ಅಂತಾರೆ. ಮಕ್ಕಳ ಡಾಕ್ಟ್ರು ಹೈಡ್ರೋಕಾರ್ಟಿಸೋನ್ ಕ್ರೀಮ್ ಬರೆದುಕೊಟ್ರು, ಮನೇಲಿ ಸ್ಟೀರಾಯ್ಡ್ ಬೇಡವೇ ಬೇಡ ಅಂತ ಗಲಾಟೆ, ಟ್ಯೂಬು ಓಪನ್ನೇ ಮಾಡಿಲ್ಲ. ಇವನಿಗೆ ಮುಂದೆ ಫುಡ್ ಅಲರ್ಜಿ, ಆಸ್ತಮಾ ಬರೋ ಚಾನ್ಸ್ ಇದ್ಯಾ, ಈಗಿಂದಾನೇ ತಡೆಯೋಕೆ ಏನಾದ್ರೂ ಇದ್ಯಾ, ತಿಳಿದೋರು ದಯವಿಟ್ಟು ಹೇಳಿ.

ಸುಮಾ_ಜಯನಗರ

ಗಾಬರಿ ಆಗ್ಬೇಡಿ ಅಮ್ಮಾ, ನನ್ನ ದೊಡ್ಡವಳಿಗೂ ಇದೇ ಥರ ಇತ್ತು, ಈಗ ಸ್ಕೂಲಿಗೆ ಹೋಗ್ತಾಳೆ, ಚಳಿಗಾಲದಲ್ಲಿ ಒಂಚೂರು ಕೈ ಒರಟಾಗೋದು ಬಿಟ್ರೆ ಏನಿಲ್ಲ. ಕಾರಣ ಏನು ಅಂತ ಡಾಕ್ಟ್ರು ಯಾರಾದ್ರೂ ಹೇಳ್ತಾರೆ, ನಾನು ಮನೇಲಿ ಮಾಡೋದು ಹೇಳ್ತೀನಿ.

ಮೊದಲು ಸ್ನಾನ ನೋಡಿ. ನಮ್ಮನೇಗೆ ನೀರೆರೆಯೋಕೆ ಒಬ್ರು ಅಜ್ಜಿ ಬರ್ತಿದ್ರು, ತುಂಬಾ ಪ್ರೀತಿ ಅವರಿಗೆ ಮಗು ಕಂಡ್ರೆ, ಆದ್ರೆ ನೀರು ಹಬೆಯಾಡೋ ಅಷ್ಟು ಬಿಸಿ ಇರ್ಬೇಕು, ಕಡ್ಲೆಹಿಟ್ಟು ಹಾಕಿ ಮೈಯೆಲ್ಲಾ ಗಸಗಸ ತಿಕ್ಕಬೇಕು, ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ತಲೆ ಮೈಗೆ ಹೊಗೆ ಕೊಟ್ಟು, ಪೌಡರ್ ಬಳಿದು, ಉಲ್ಲನ್ ಕುಲಾವಿ ಹಾಕಿ ಬಿಗಿಯಾಗಿ ಸುತ್ತಬೇಕು. ಇಸಬು ಇರೋ ಮಗೂಗೆ ಇದ್ರಲ್ಲಿ ಒಂದೂ ಆಗಿಬರಲ್ಲ. ಬಿಸಿನೀರು ಚರ್ಮದ ಜಿಡ್ಡೆಲ್ಲಾ ತೆಗೆದು ಒಣಗಿಸುತ್ತೆ, ಹಿಟ್ಟು ಗೀರುತ್ತೆ, ಹೊಗೆ ಎಳೇ ಶ್ವಾಸಕೋಶಕ್ಕೆ ಒಳ್ಳೇದಲ್ಲ (ನಿಮ್ಮ ಯಜಮಾನ್ರಿಗೆ ವೀಸಿಂಗ್ ಬೇರೆ ಇದೆ ಅಂತೀರಾ), ಉಲ್ಲನ್ನಲ್ಲಿ ಬೆವೆತು ಕೆರೆತ ಜಾಸ್ತಿ. ಉಗುರು ಬೆಚ್ಚಗಿನ ನೀರು, ಐದು ನಿಮಿಷ, ಹತ್ತು ನಿಮಿಷ ಮೀರಬಾರದು, ಸೋಪ್ ಬದ್ಲು ವಾಸನೆ ಇಲ್ಲದ ಸೋಪ್‌ಫ್ರೀ ಕ್ಲೆನ್ಸರ್, ಟವೆಲಲ್ಲಿ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಒದ್ದೆ ಒದ್ದೆ ಇರೋವಾಗ್ಲೇ ದಪ್ಪಗೆ ಮಾಯಿಶ್ಚರೈಸರ್. ಬಟಾಣಿ ಕಾಳಷ್ಟು ಹಚ್ಚಿದ್ರೆ ಏನೂ ಆಗಲ್ಲ, ನಮ್ಮ ಡಾಕ್ಟ್ರು ವಾರಕ್ಕೆ ಸುಮಾರು 100 ಗ್ರಾಂ ಖಾಲಿ ಆಗ್ಬೇಕು ಅಂದಿದ್ರು, ದೊಡ್ಡ ಡಬ್ಬ ತಗೊಳ್ಳಿ. ಉಗುರು ಕತ್ತರಿಸಿ, ಮೆತ್ತಗಿರೋ ಹಳೇ ಹತ್ತಿ ಬಟ್ಟೆ ಹಾಕಿ.

ಆಮೇಲೆ ನೀರು. ಕಾವೇರಿ ನೀರಾ ಬೋರ್‌ವೆಲ್ಲಾ ನಿಮ್ಮ ಕಡೆ? ಬಕೆಟ್ಟಲ್ಲಿ ಬಿಳಿ ಕರೆ ಕಟ್ಟುತ್ತೆ ಅಂದ್ರೆ ಗಡಸು ನೀರು, ಅದ್ರಲ್ಲಿ ಸೋಪು ಚರ್ಮದ ಮೇಲೆ ಹಾಗೇ ಉಳ್ಕೊಳ್ಳುತ್ತೆ. ನಾನು ಮಗು ಸ್ನಾನಕ್ಕೆ ಕಾವೇರಿ ನೀರು ಬೇರೆ ಹಿಡಿದಿಡ್ತಿದ್ದೆ.

ಚರ್ಮವೈದ್ಯೆ_ಶಿವಮೊಗ್ಗ

ಸುಮಾ ಅವರು ಹೇಳಿದ್ದೆಲ್ಲಾ ಸರಿ ಇದೆ. ನೀರಿನ ವಿಷ್ಯ ಒಂದು ಸೇರಿಸ್ತೀನಿ: ಗಡಸು ನೀರಿರೋ ಊರಲ್ಲಿ ಮಕ್ಕಳಿಗೆ ಇಸಬು ಸ್ವಲ್ಪ ಜಾಸ್ತಿ ಅಂತ ಇಂಗ್ಲೆಂಡಿನ ಸ್ಟಡಿಗಳಲ್ಲಿ ಕಂಡಿದೆ, ಆದ್ರೆ ಆಗ್ಲೇ ಇಸಬು ಬಂದಿರೋ ಮಕ್ಕಳ ಮನೆಗೆ ವಾಟರ್ ಸಾಫ್ಟನರ್ ಹಾಕಿಸಿ ನೋಡಿದಾಗ ಏನೂ ಉಪಯೋಗ ಆಗ್ಲಿಲ್ಲ, ಹಾಗಾಗಿ ಮಷೀನಿಗೆ ದುಡ್ಡು ಸುರೀಬೇಡಿ.

ನೀವು ಬರೆದಿರೋದು ನೋಡಿದ್ರೆ, ಎರಡು ತಿಂಗಳಿಗೆ ಕೆನ್ನೇಲಿ ಶುರು, ಕೈಕಾಲಿನ ಹೊರಭಾಗ, ಡೈಪರ್ ಜಾಗ ಬಿಟ್ಟಿರೋದು, ಕೆರೆತ, ಅಪ್ಪ ಅಮ್ಮ ಇಬ್ರಿಗೂ ಹಿಸ್ಟರಿ, ಇದು ಅಟೋಪಿಕ್ ಡರ್ಮಟೈಟಿಸ್, ಅಂದ್ರೆ ಮಕ್ಕಳಲ್ಲಿ ಸಾಮಾನ್ಯವಾಗಿ ಬರೋ ಇಸಬು ಥರಾನೇ ಕಾಣ್ತಿದೆ. ನೋಡದೆ ಖಾತ್ರಿ ಹೇಳಲ್ಲ. ಆದ್ರೆ ನೀರು ಒಸರಿ ಹಳದಿ ಹಕ್ಕಳೆ ಕಟ್ಟಿದೆ ಅಂದ್ರೆ ಮೇಲೆ ಸ್ಟ್ಯಾಫ್ ಬ್ಯಾಕ್ಟೀರಿಯಾ ಇನ್‌ಫೆಕ್ಷನ್ ಕೂತಿರೋ ಸಾಧ್ಯತೆ ಇದೆ, ಆದ್ದರಿಂದ ಈ ವಾರಾನೇ ತೋರಿಸಿ, ಮುಂದಕ್ಕೆ ಹಾಕ್ಬೇಡಿ.

ಕಾರಣ ಕೇಳಿದ್ರಿ. ಮೊದಲನೇದು ವಂಶ. ಅಪ್ಪ ಅಮ್ಮಂದಿರಲ್ಲಿ ಒಬ್ರಿಗೆ ಇಸಬು, ಆಸ್ತಮಾ, ಧೂಳಿನ ಅಲರ್ಜಿ ಇದ್ರೆ ಮಗೂಗೆ ಚಾನ್ಸ್ ಜಾಸ್ತಿ, ಇಬ್ರಿಗೂ ಇದ್ರೆ ಇನ್ನೂ ಜಾಸ್ತಿ. ಚರ್ಮದ ಮೇಲ್ಪದರ ಗಟ್ಟಿಯಾಗಿರೋಕೆ ಫಿಲಾಗ್ರಿನ್ ಅಂತ ಒಂದು ಪ್ರೋಟೀನ್ ಬೇಕು, ಅದರ ಜೀನಲ್ಲಿ ದೋಷ ಇದ್ರೆ ಇಸಬು ಬರೋ ಅಪಾಯ ಹೆಚ್ಚು ಅಂತ 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು ತೋರಿಸಿದ್ರು. ನಮ್ಮ ಮಲೆನಾಡಲ್ಲಿ ಹೆಂಚು ಸರಿದ ಮನೆ ಹೇಗೋ ಹಾಗೆ ಆಗತ್ತೆ ಆ ಚರ್ಮ, ಒಳಗಿನ ತೇವ ನಿಲ್ಲಲ್ಲ, ಹೊರಗಿಂದು ಎಲ್ಲಾ ಒಳಗೆ ಬರತ್ತೆ. ಇಸಬು ಇರೋರಿಗೆಲ್ಲಾ ಈ ಜೀನ್ ದೋಷ ಇರತ್ತೆ ಅಂತಲ್ಲ, ಆದ್ರೆ ಚರ್ಮದ ತಡೆಗೋಡೆ ದುರ್ಬಲ ಆಗಿರೋದಂತೂ ಎಲ್ರಲ್ಲೂ ಕಾಣತ್ತೆ.

ಎರಡನೇದು ನಿಮಗೆ ಮುಖ್ಯ, ಸ್ವಲ್ಪ ಗಮನ ಕೊಟ್ಟು ಓದಿ. ಫುಡ್ ಅಲರ್ಜಿ ಇರೋದ್ರಿಂದ ಇಸಬು ಬಂತು ಅಂತ ಎಲ್ರೂ ಅಂದ್ಕೊಳ್ತಾರೆ, ಬಹಳ ಸಲ ಅದು ತಿರುಗಾ ಮುರುಗಾ. ಇಸಬು ಮೊದಲು ಬರತ್ತೆ, ಬಿರುಕು ಬಿಟ್ಟ ಚರ್ಮದ ಮೂಲಕ ಮನೆ ಧೂಳಲ್ಲಿರೋ, ದೊಡ್ಡೋರ ಕೈಲಿರೋ ಆಹಾರದ ಕಣ ಒಳಗೆ ಹೋಗತ್ತೆ, ಅಲ್ಲಿ ದೇಹ ಅದನ್ನ ಶತ್ರು ಅಂತ ಗುರುತು ಹಾಕ್ಕೊಳ್ಳತ್ತೆ. ಅದೇ ಆಹಾರ ಬಾಯಿಂದ, ಹೊಟ್ಟೆ ಮೂಲಕ ಮೊದಲು ಹೋದ್ರೆ ದೇಹ ಒಪ್ಪಿಕೊಳ್ಳೋಕೆ ಕಲಿಯತ್ತೆ. ಲಂಡನ್ನಿನ ಅಲರ್ಜಿ ಡಾಕ್ಟ್ರು ಗಿಡಿಯನ್ ಲ್ಯಾಕ್ ಅವರು 2008ರಲ್ಲಿ ಇದನ್ನ ಸಿದ್ಧಾಂತವಾಗಿ ಮುಂದಿಟ್ರು, ಆಮೇಲೆ ಬಂದ ಸ್ಟಡಿಗಳು ಬಹುಪಾಲು ಅದಕ್ಕೆ ಬೆಂಬಲವಾಗೇ ಇವೆ. ಇಸಬು ಎಷ್ಟು ಬೇಗ ಶುರು, ಎಷ್ಟು ಜೋರು, ಅಷ್ಟು ಅಪಾಯ ಜಾಸ್ತಿ. ಮೆಲ್ಬೋರ್ನಿನ ಹೆಲ್ತ್‌ನಟ್ಸ್ ಸ್ಟಡೀಲಿ ಇಸಬು ಇದ್ದ ಮಕ್ಕಳಲ್ಲಿ ಒಂದು ವರ್ಷದ ಹೊತ್ತಿಗೆ ಐದರಲ್ಲಿ ಒಂದು ಮಗೂಗೆ ಕಡ್ಲೆಕಾಯಿ, ಮೊಟ್ಟೆ ಅಥ್ವಾ ಎಳ್ಳಿನ ಅಲರ್ಜಿ ಇತ್ತು, ಇಸಬು ಇಲ್ಲದೋರಲ್ಲಿ 25ಕ್ಕೆ ಒಂದು. ಮೂರು ತಿಂಗಳೊಳಗೇ ಶುರುವಾಗಿ ಸ್ಟೀರಾಯ್ಡ್ ಕ್ರೀಮ್ ಬೇಕಾದ ಮಕ್ಕಳಲ್ಲಂತೂ ಅರ್ಧದಷ್ಟು. ಆದ್ರೆ ಇದು ಆಸ್ಟ್ರೇಲಿಯಾ ಲೆಕ್ಕ, ನಮ್ಮಲ್ಲಿ ಫುಡ್ ಅಲರ್ಜಿ ತುಂಬಾ ಕಮ್ಮಿ, ಆ ಸಂಖ್ಯೆ ನೋಡಿ ನಿದ್ದೆ ಕೆಡಿಸ್ಕೋಬೇಡಿ. ನಾನು ಹೇಳ್ತಿರೋದು ಇಷ್ಟೇ, ಚರ್ಮ ಬೇಗ ವಾಸಿ ಮಾಡೋದು ಬರೀ ಕೆರೆತಕ್ಕೆ ಅಲ್ಲ, ಆ ಬಾಗಿಲು ಮುಚ್ಚೋಕೆ.

ಅದಕ್ಕೇ ಆ ಟ್ಯೂಬು ಓಪನ್ ಮಾಡಿ ಅಂತ ಕೈಮುಗಿದು ಕೇಳ್ತೀನಿ. ಒಂದು ಪರ್ಸೆಂಟ್ ಹೈಡ್ರೋಕಾರ್ಟಿಸೋನ್ ಅಂದ್ರೆ ಸ್ಟೀರಾಯ್ಡ್ ಕ್ರೀಮುಗಳಲ್ಲೇ ಅತಿ ಸೌಮ್ಯ ಗುಂಪಿಂದು. ನಿಮ್ಮ ತೋರುಬೆರಳ ತುದಿಯಿಂದ ಮೊದಲ ಗೆರೆ ತನಕ ಟ್ಯೂಬಿಂದ ಒಂದೆಳೆ ಹಿಂಡಿದ್ರೆ ಸುಮಾರು ಅರ್ಧ ಗ್ರಾಂ ಬರತ್ತೆ, ಈ ವಯಸ್ಸಿನ ಮಗೂಗೆ ಇಡೀ ಮುಖ ಕುತ್ತಿಗೆಗೆ ಅಷ್ಟು ಸಾಕು. ನಿಮ್ಮ ಡಾಕ್ಟ್ರು ಹೇಳಿದಷ್ಟು ದಿನ ಸರಿಯಾಗಿ ಹಚ್ಚಿ ಪೂರ್ತಿ ಮಾಯಿಸಿ, ಹೆದರಿ ಹೆದರಿ ಒಂದಿನ ಹಚ್ಚಿ ನಾಲ್ಕು ದಿನ ಬಿಟ್ರೆ ತಿಂಗಳಾನುಗಟ್ಲೆ ಎಳೆಯತ್ತೆ. ನಿಜವಾಗ್ಲೂ ಹೆದರಬೇಕಾಗಿರೋದು ಬೇರೆ ಇದೆ, ಮೆಡಿಕಲ್ ಶಾಪಲ್ಲಿ "ಚರ್ಮಕ್ಕೆ ಏನಾದ್ರೂ ಕೊಡಿ" ಅಂದ್ರೆ ಕೊಡೋ ಟ್ಯೂಬು. ಅದ್ರಲ್ಲಿ ಕ್ಲೋಬೆಟಸಾಲ್‌ನಂಥ ಜೋರು ಸ್ಟೀರಾಯ್ಡು, ಹುಳುಕಡ್ಡಿ ಔಷಧಿ, ಆಂಟಿಬಯೋಟಿಕ್ ಮೂರೂ ಸೇರಿರತ್ತೆ. 2018ರಿಂದ ಇಂಥ ಸ್ಟೀರಾಯ್ಡ್ ಕ್ರೀಮು ಚೀಟಿ ಇಲ್ಲದೆ ಮಾರೋ ಹಾಗಿಲ್ಲ, ಆದ್ರೂ ಕೇಳಿದ್ರೆ ಕೈಗೆ ಬರತ್ತೆ. ಮಗು ಮುಖಕ್ಕೆ ಅದನ್ನ ಯಾವತ್ತೂ ಹಚ್ಚಬೇಡಿ.

ನಂಜಿನ ವಿಷ್ಯ: ಅಮ್ಮ ಪಥ್ಯ ಮಾಡಿದ್ರೆ ಮಗೂಗೆ ಇಸಬು ಬರಲ್ಲ ಅನ್ನೋದಕ್ಕೆ ಆಧಾರ ಇಲ್ಲ, ಬಸುರಿಯಲ್ಲೂ ಇಲ್ಲ ಬಾಣಂತನದಲ್ಲೂ ಇಲ್ಲ. ಹಾಲುಣಿಸೋ ತಾಯಿ ಬರೀ ಅನ್ನ ಸಾರಲ್ಲಿದ್ರೆ ಸೊರಗೋದು ನೀವೇ. ಬದನೆಕಾಯಿ, ಬೇಳೆ, ಕಡ್ಲೆಕಾಯಿ ಎಲ್ಲಾ ತಿನ್ನಿ. ಮಗು ಮಲದಲ್ಲಿ ರಕ್ತ, ಪದೇ ಪದೇ ವಾಂತಿ, ತೂಕ ಏರದೇ ಇರೋದು ಇದ್ರೆ ಮಾತ್ರ ಹಾಲಿನ ಅಲರ್ಜಿ ಯೋಚನೆ ಮಾಡ್ಬೇಕು, ಅದನ್ನೂ ಡಾಕ್ಟ್ರು ಹೇಳಿದ್ಮೇಲೆ. ಸಿಸೇರಿಯನ್ ಬಗ್ಗೆ ಮನಸ್ಸಿಗೆ ಹಚ್ಕೋಬೇಡಿ, ಸಂಬಂಧ ಇದೆ ಅಂತ ಕೆಲವು ಸ್ಟಡಿ, ಇಲ್ಲ ಅಂತ ಕೆಲವು, ಇದ್ರೂ ಬಹಳ ಸಣ್ಣದು.

ಮಂಡ್ಯ_ಟು_ಮೆಲ್ಬೋರ್ನ್

ಡಾಕ್ಟ್ರು ಹೆಲ್ತ್‌ನಟ್ಸ್ ಅಂದ ತಕ್ಷಣ ಬರೀಬೇಕು ಅನ್ನಿಸ್ತು, ನಾವಿರೋದು ಇದೇ ಊರಲ್ಲಿ. ಇಲ್ಲಿ ಒಂದು ವರ್ಷದ ಮಕ್ಕಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಕ್ಕಳಿಗೆ ಫುಡ್ ಅಲರ್ಜಿ ಅಂತ ಆ ಸ್ಟಡೀಲಿ ಬಂದಿತ್ತು, ಆಸ್ಪತ್ರೇಲಿ ಕೂರಿಸಿ ತಿನ್ನಿಸಿ ನೋಡಿದ ಲೆಕ್ಕ ಅದು. ಕ್ರೆಶ್ ಬಾಗಿಲಲ್ಲೇ ಯಾವ್ಯಾವ ಮಗೂಗೆ ಏನೇನು ಆಗಲ್ಲ ಅಂತ ಫೋಟೋ ಸಮೇತ ಅಂಟಿಸಿರ್ತಾರೆ. ಇನ್ನೊಂದು ಏನಂದ್ರೆ ಏಷ್ಯಾದಿಂದ, ಅದ್ರಲ್ಲೂ ಪೂರ್ವ ಏಷ್ಯಾದಿಂದ ಬಂದ ಅಪ್ಪ ಅಮ್ಮಂದಿರಿಗೆ ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಕಡ್ಲೆಕಾಯಿ ಅಲರ್ಜಿ ಇಲ್ಲಿನೋರ ಮಕ್ಕಳಿಗಿಂತ ಜಾಸ್ತಿ. ಊರಲ್ಲಿದ್ದಾಗ ಇಲ್ಲದ್ದು ಇಲ್ಲಿ ಬರುತ್ತೆ ಅಂದ್ರೆ ಬರೀ ಜೀನ್ ಅಲ್ಲ, ಸುತ್ತಮುತ್ತಲಿನ ವಾತಾವರಣವೂ ಸೇರಿದೆ ಅಂತ ತಾನೇ.

ನಿಮ್ಮ ಪಕ್ಕದ್ಮನೆಯವರು ಹೇಳಿದ್ದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2000ನೇ ಇಸವೀಲಿ ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ ಅಲರ್ಜಿ ಇರೋ ಮನೆತನದ ಮಕ್ಕಳಿಗೆ ಮೊಟ್ಟೆ ಎರಡು ವರ್ಷ, ಕಡ್ಲೆಕಾಯಿ ಮೂರು ವರ್ಷ ಬೇಡ ಅಂತ ಹೇಳಿತ್ತು. 2008ರಲ್ಲಿ ಅವರೇ ಅದನ್ನ ವಾಪಸ್ ತಗೊಂಡ್ರು, ಆದ್ರೆ ಹಳೇ ಮಾತು ಇನ್ನೂ ಮನೆ ಮನೆ ಸುತ್ತುತ್ತಾ ಇದೆ. ಅದೇ 2008ರಲ್ಲಿ ಇನ್ನೊಂದು ಸ್ಟಡಿ ಬಂತು, ಲಂಡನ್ನಿನ ಯಹೂದಿ ಮಕ್ಕಳಲ್ಲಿ ಕಡ್ಲೆಕಾಯಿ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಹತ್ತು ಪಟ್ಟು ಜಾಸ್ತಿ, ಎರಡೂ ಕಡೆ ಮೂಲ ಒಂದೇ, ವ್ಯತ್ಯಾಸ ಅಂದ್ರೆ ಇಸ್ರೇಲಲ್ಲಿ ಹಲ್ಲು ಬರೋಕೆ ಮುಂಚೆನೇ ಬಾಂಬಾ ಅನ್ನೋ ಬಾಯಲ್ಲಿ ಕರಗೋ ಕಡ್ಲೆಕಾಯಿ ತಿಂಡಿ ಕೊಡ್ತಾರೆ. ಆಮೇಲೆ ಅದನ್ನೇ ಸರಿಯಾಗಿ ಪರೀಕ್ಷೆ ಮಾಡಿ 2015ರಲ್ಲಿ ಲೀಪ್ ಸ್ಟಡಿ ಅಂತ ಬಂತು: ಜೋರು ಇಸಬು ಅಥ್ವಾ ಮೊಟ್ಟೆ ಅಲರ್ಜಿ ಇದ್ದ 640 ಮಕ್ಕಳು, 4ರಿಂದ 11 ತಿಂಗಳೊಳಗಿನವು, ಅರ್ಧ ಮಕ್ಕಳಿಗೆ ವಾರಾ ವಾರಾ ಕಡ್ಲೆಕಾಯಿ ತಿನ್ನಿಸಿದ್ರು, ಅರ್ಧಕ್ಕೆ ಐದು ವರ್ಷ ತುಂಬೋ ತನಕ ದೂರ ಇಟ್ರು. ದೂರ ಇಟ್ಟ ಗುಂಪಲ್ಲಿ ನೂರಕ್ಕೆ 17 ಮಕ್ಕಳಿಗೆ ಅಲರ್ಜಿ, ತಿಂದ ಗುಂಪಲ್ಲಿ ನೂರಕ್ಕೆ 3. ನಾನು ಇದನ್ನ ಓದಿದಾಗ ಎದ್ದು ನಿಂತ್ಬಿಟ್ಟೆ.

ನಮ್ಮ ಮಗಳಿಗೆ ಇಸಬು ಸೌಮ್ಯವಾಗಿತ್ತು, ಇಲ್ಲಿನ ಚೈಲ್ಡ್ ಹೆಲ್ತ್ ನರ್ಸು ಆರು ತಿಂಗಳ ಹೊತ್ಗೆ ಶುರು ಮಾಡಿ ಅಂದ್ರು. ನನ್ನ ಹೆಂಡತಿ ರಾಗಿ ಸರಿ ಕಲಸಿ, ಹುರಿದ ಕಡ್ಲೆಕಾಯಿ ಬೀಜ ಸಿಪ್ಪೆ ತೆಗೆದು ಮಿಕ್ಸೀಲಿ ಎಣ್ಣೆ ಬಿಡೋ ತನಕ ನುಣ್ಣಗೆ ಅರೆದು, ಬಿಸಿನೀರಲ್ಲಿ ತೆಳ್ಳಗೆ ಮಾಡಿ ಅದಕ್ಕೆ ಸೇರಿಸಿದ್ಲು. ಮೊದಲ ಸಲ ಚಮಚದ ತುದಿಯಷ್ಟು, ಹತ್ತು ನಿಮಿಷ ನೋಡಿ ಉಳಿದದ್ದು. ಬೆಳಿಗ್ಗೆ ಹೊತ್ತೇ ಕೊಟ್ವಿ, ಮಗು ಎಚ್ಚರ ಇರ್ಬೇಕು, ನಾವಿಬ್ರೂ ಮನೇಲಿರ್ಬೇಕು ಅಂತ. ಅವತ್ತು ಏನೂ ಆಗ್ಲಿಲ್ಲ, ಆಮೇಲೆ ವಾರಕ್ಕೆ ಎರಡು ಮೂರು ಸಲ ಬಿಡದೆ ಕೊಡ್ತಾ ಬಂದ್ವಿ. ಒಂದ್ಸಲ ಕೊಟ್ಟು ಬಿಟ್ಬಿಡೋದಲ್ಲ, ಮುಂದುವರಿಸೋದು ಮುಖ್ಯ ಅಂತ ನರ್ಸು ಒತ್ತಿ ಹೇಳಿದ್ರು. ಇಡೀ ಬೀಜ, ಅರ್ಧ ಬೀಜ ಮಾತ್ರ ಚಿಕ್ಕ ಮಕ್ಕಳ ಕೈಗೆ ಯಾವ ಕಾರಣಕ್ಕೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಹುಬ್ಬಳ್ಳಿ_ಗೌರಕ್ಕ

ನಮಸ್ಕಾರ್ರೀ ಎಲ್ಲಾರಿಗೂ. ನಂದೊಂದು ಪ್ರಶ್ನೆ ಐತ್ರಿ ಡಾಕ್ಟ್ರ. ನಮ್ಮ ಕಡೆ ಮನ್ಯಾಗ ಶೇಂಗಾ ಎಣ್ಣಿನ ಜಾಸ್ತಿ, ಕೂಸಿನ ಮೈಗೂ ಅದನ್ನ ಬೆಚ್ಚಗ ಮಾಡಿ ಹಚ್ಚತಾರ. ನನ್ನ ಮೊಮ್ಮಗಳಿಗೆ ಐದು ತಿಂಗಳ, ಮೊಣಕಾಲ ಕೆಳಗ ಸಣ್ಣಾಗಿ ಒಣಾ ಒಣಾ ಆಗೇತಿ, ಮಗಳು ಎಣ್ಣಿ ಬ್ಯಾಡ ಅಂತಾಳ, ನಾ ಎಣ್ಣಿ ಇಲ್ಲದ ಕೂಸಿನ ಎಲುಬು ಗಟ್ಟಿ ಹ್ಯಾಂಗ ಆಗತಾವ ಅಂತೀನಿ. ಮ್ಯಾಲ ನೀವು ಚರ್ಮದಿಂದ ಒಳಗ ಹೋಗತೈತಿ ಅಂತ ಬರದಿದ್ದು ಓದಿ ಎದಿ ಝಲ್ ಅಂತು. ಹಂಗಾರ ಶೇಂಗಾ ಎಣ್ಣಿ ಹಚ್ಚಬಾರದೇನ್ರಿ? ಯಾವ ಎಣ್ಣಿ ಹಚ್ಚಬೇಕು ಹೇಳ್ರಿ.

ಚರ್ಮವೈದ್ಯೆ_ಶಿವಮೊಗ್ಗ

ಗೌರಕ್ಕ, ಒಳ್ಳೇ ಪ್ರಶ್ನೆ ಕೇಳಿದ್ರಿ. ಇಸಬು ಇರೋ, ಬಿರುಕು ಬಿಟ್ಟ ಚರ್ಮಕ್ಕೆ ಶೇಂಗಾ ಎಣ್ಣೆ ಬೇಡ. 2003ರಲ್ಲಿ ಇಂಗ್ಲೆಂಡಲ್ಲಿ ಸಾವಿರಾರು ಮಕ್ಕಳನ್ನ ಹುಟ್ಟಿದಾಗಿಂದ ಹಿಂಬಾಲಿಸಿ ಬರೆದ ಒಂದು ಸ್ಟಡೀಲಿ, ಶೇಂಗಾ ಎಣ್ಣೆ ಇರೋ ಕ್ರೀಮು ಹಚ್ಚಿದ್ದ ಮಕ್ಕಳಲ್ಲಿ ಮುಂದೆ ಶೇಂಗಾ ಅಲರ್ಜಿ ಜಾಸ್ತಿ ಕಂಡಿತ್ತು. ಗಾಣದ ಎಣ್ಣೇಲಿ ಪ್ರೋಟೀನ್ ಅಂಶ ರಿಫೈನ್ಡ್ ಎಣ್ಣೆಗಿಂತ ಹೆಚ್ಚು ಉಳಿದಿರತ್ತೆ. ಇಷ್ಟು ದಿನ ಹಚ್ಚಿದ್ದಕ್ಕೆ ಹೆದರಬೇಡಿ, ಇನ್ಮೇಲೆ ಬದಲಾಯಿಸಿ ಅಷ್ಟೇ. ಸಾಸಿವೆ ಎಣ್ಣೆ ಉರಿ ತರತ್ತೆ, ಆಲಿವ್ ಎಣ್ಣೆ ಚೆನ್ನಾಗಿರೋ ಚರ್ಮದ ತಡೆಗೋಡೇನೂ ಕೆಡಿಸತ್ತೆ ಅಂತ ತೋರಿಸಿದ್ದಾರೆ, ಅವೆರಡೂ ಬೇಡ. ಶುದ್ಧ ಕೊಬ್ಬರಿ ಎಣ್ಣೆ ಪರವಾಗಿಲ್ಲ, ಮೈ ನೀವೋದು ತಪ್ಪಲ್ಲ, ಆದ್ರೆ ಗಟ್ಟಿಯಾಗಿ ತಿಕ್ಕಬೇಡಿ. ಎಲುಬು ಗಟ್ಟಿ ಆಗೋದು ಎಣ್ಣೆಯಿಂದ ಅಲ್ಲ, ಡಾಕ್ಟ್ರು ಬರೆದಿರೋ ವಿಟಮಿನ್ ಡಿ ಹನಿ ತಪ್ಪದೆ ಹಾಕಿ.

ಹಾಗೇ ಕಡ್ಲೆಹಿಟ್ಟು, ಹೆಸರುಹಿಟ್ಟು, ಹಾಲಿನ ಕೆನೆ, ಬಾದಾಮಿ ಪೇಸ್ಟು, ಇವೆಲ್ಲಾ ಆಹಾರ, ಗಾಯ ಇರೋ ಚರ್ಮಕ್ಕೆ ಹಚ್ಚೋದಲ್ಲ. ಜಪಾನಲ್ಲಿ ಗೋಧಿ ಪ್ರೋಟೀನ್ ಹಾಕಿದ್ದ ಒಂದು ಮುಖದ ಸೋಪಿಂದ ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಗೋಧಿ ಅಲರ್ಜಿ ಬಂತು, ಅಲ್ಲಿವರೆಗೆ ಆರಾಮಾಗಿ ಬ್ರೆಡ್ಡು ನೂಡಲ್ಸು ತಿಂತಿದ್ದ ದೊಡ್ಡೋರಿಗೇ ಹಾಗಾಯ್ತು. ಇನ್ನೊಂದು ಚಿಕ್ಕ ವಿಷ್ಯ, ಶೇಂಗಾ ಚಟ್ನಿ, ಮೊಟ್ಟೆ ಮುಟ್ಟಿದ ಕೈ ತೊಳೆದುಕೊಂಡು ಮಗೂನ ಎತ್ಕೊಳ್ಳಿ, ಕ್ರೀಮ್ ಹಚ್ಚೋಕೆ ಮುಂಚೆನೂ ಕೈ ತೊಳೀರಿ, ಡಬ್ಬಕ್ಕೆ ಬೆರಳು ಅದ್ದದೆ ಚಮಚದಲ್ಲಿ ತೆಗೀರಿ.

ಚಿನ್ನುಅಮ್ಮ_ಬೆಂಗಳೂರು

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಡಾಕ್ಟರ್ ಹತ್ರ ಹೋಗಿ ಬಂದ್ವಿ, ಇನ್‌ಫೆಕ್ಷನ್ ಇದೆ ಅಂತ ಆಂಟಿಬಯೋಟಿಕ್ ಕೊಟ್ರು, ಕ್ರೀಮೂ ಹಚ್ಚೋಕೆ ಶುರು ಮಾಡಿದ್ದೀನಿ, ಒಸರೋದು ನಿಂತಿದೆ. ನಿನ್ನೆ ರಾತ್ರಿ ಒಂದೇ ಸಲ ಎದ್ದಿದ್ದು ಅವನು. ಅತ್ತೆಗೆ ಇಲ್ಲಿ ಬರೆದಿರೋದು ಓದಿ ಹೇಳಿದೆ, ನಾಳೆಯಿಂದ ನೀನು ಹುಳಿ ಪಲ್ಯ ಎಲ್ಲಾ ತಿನ್ನು ಅಂದ್ರು.

ಒಂದು ಡೌಟು. ಒಂದು ಲ್ಯಾಬಿನೋರು ನೂರಾರು ಐಟಂ ಅಲರ್ಜಿ ಪ್ಯಾಕೇಜು ಅಂತ ಮೆಸೇಜ್ ಕಳಿಸಿದ್ದಾರೆ, ಒಂದೇ ಸಲ ರಕ್ತ ತೆಗೆದ್ರೆ ಅಕ್ಕಿ ರಾಗಿಯಿಂದ ಹಿಡಿದು ಎಲ್ಲಾ ಗೊತ್ತಾಗುತ್ತಂತೆ. ಮಾಡಿಸ್ಬಿಡ್ಲಾ? ಯಾವುದು ಆಗಲ್ವೋ ಅದನ್ನ ಮೊದಲೇ ಬಿಡಬಹುದಲ್ಲಾ.

ಚರ್ಮವೈದ್ಯೆ_ಶಿವಮೊಗ್ಗ

ಬೇಡ. ಖಡಾಖಂಡಿತವಾಗಿ ಹೇಳ್ತಿದ್ದೀನಿ. ರಕ್ತದಲ್ಲಿ ಐಜಿಇ (ಅಲರ್ಜಿಗೆ ಸಂಬಂಧಪಟ್ಟ ಪ್ರತಿಕಾಯ) ಪಾಸಿಟಿವ್ ಬರೋದೇ ಬೇರೆ, ತಿಂದಾಗ ಅಲರ್ಜಿ ಆಗೋದೇ ಬೇರೆ. ಇದಕ್ಕೆ ನಮ್ಮ ಕರ್ನಾಟಕದ್ದೇ ಲೆಕ್ಕ ಇದೆ: ಬೆಂಗಳೂರು ಮೈಸೂರು ಜನರಲ್ಲಿ ಮಾಡಿದ ಯೂರೋಪ್ರಿವಾಲ್ ಅನ್ನೋ ಫುಡ್ ಅಲರ್ಜಿ ಸ್ಟಡಿ 2016ರಲ್ಲಿ ಪ್ರಕಟ ಆಯ್ತು, ದೊಡ್ಡವರಲ್ಲಿ ನೂರಕ್ಕೆ 26 ಜನಕ್ಕೆ ಯಾವುದೋ ಒಂದು ಆಹಾರಕ್ಕೆ ಟೆಸ್ಟ್ ಪಾಸಿಟಿವ್, ಆದ್ರೆ ನಿಜವಾದ ಅಲರ್ಜಿ ಅನ್ನಬಹುದಾಗಿದ್ದು ನೂರಕ್ಕೆ 1.2 ಮಾತ್ರ. ನಮ್ಮ ಶಾಲಾ ಮಕ್ಕಳಲ್ಲಿ ನೋಡಿದಾಗ ಇನ್ನೂ ಕಮ್ಮಿ, ನೂರಕ್ಕೆ 0.14. ಅಂದ್ರೆ ಪ್ಯಾಕೇಜ್ ಮಾಡಿಸಿದ್ರೆ ಆರಾಮಾಗಿ ತಿನ್ನಬಹುದಾದ ಹತ್ತು ಪದಾರ್ಥದ ಮುಂದೆ ಕೆಂಪು ಗುರುತು ಬರತ್ತೆ, ಇಸಬು ಇರೋ ಮಕ್ಕಳಲ್ಲಂತೂ ಇನ್ನೂ ಜಾಸ್ತಿ. ಅಪ್ಪ ಅಮ್ಮ ಹೆದರಿ ಹಾಲು ಗೋಧಿ ಬೇಳೆ ಮೊಟ್ಟೆ ಎಲ್ಲಾ ಬಿಡಿಸ್ತಾರೆ. ಮಗು ತೂಕ ಇಳಿದು ನನ್ನ ಮುಂದೆ ಬಂದು ಕೂತಾಗ ಹೊಟ್ಟೆ ಉರಿಯತ್ತೆ. ಇನ್ನೊಂದು ಅಪಾಯ, ಹೊಟ್ಟೆಗೆ ಒಗ್ಗಿದ್ದ ಆಹಾರವನ್ನ ಇಸಬು ಇರೋ ಮಗೂಗೆ ಪೂರ್ತಿ ನಿಲ್ಲಿಸಿ ತಿಂಗಳುಗಟ್ಲೆ ಬಿಟ್ಟು ಮತ್ತೆ ಕೊಟ್ಟಾಗ ನಿಜವಾದ ಅಲರ್ಜಿ ಆಗಿರೋ ಉದಾಹರಣೆಗಳಿವೆ.

ಹಾಗಂತ ಟೆಸ್ಟೇ ಬೇಡ ಅಂತಲ್ಲ. ನಿಮ್ಮ ಮಗುಂದು ಬೇಗ ಶುರುವಾದ ಇಸಬು, ಕ್ರೀಮಿಂದ ಹಿಡಿತಕ್ಕೆ ಬಂದ್ರೆ ಆರು ತಿಂಗಳ ಹೊತ್ತಿಗೆ ಮನೇಲೇ ಚೆನ್ನಾಗಿ ಬೇಯಿಸಿದ ಮೊಟ್ಟೆ, ನುಣ್ಣಗೆ ಅರೆದ ಕಡ್ಲೆಕಾಯಿ ಶುರು ಮಾಡಬಹುದು. ಕ್ರೀಮ್ ಹಚ್ಚಿದ್ರೂ ಜೋರಾಗೇ ಉಳಿದ್ರೆ ಆಗ ಕಡ್ಲೆಕಾಯಿ, ಮೊಟ್ಟೆ ಎರಡಕ್ಕೆ ಮಾತ್ರ ಟೆಸ್ಟ್ ಮಾಡಿಸಿ, ನಾಲ್ಕು ಆರು ತಿಂಗಳ ನಡುವೆ ಅಲರ್ಜಿ ಗೊತ್ತಿರೋ ಡಾಕ್ಟರ ಎದುರಿಗೇ ಮೊದಲ ತುತ್ತು ಕೊಡೋದು. ಜಪಾನಲ್ಲಿ ಇಸಬು ಇರೋ ಮಕ್ಕಳಿಗೆ ಮೊದಲು ಚರ್ಮ ಚೆನ್ನಾಗಿ ವಾಸಿ ಮಾಡಿ, ಆರು ತಿಂಗಳಿಂದ ಬೇಯಿಸಿದ ಮೊಟ್ಟೆ ಪುಡಿ ತೀರಾ ಸ್ವಲ್ಪ ಸ್ವಲ್ಪ ಕೊಟ್ಟು ಮೊಟ್ಟೆ ಅಲರ್ಜಿ ಬಹಳ ಕಮ್ಮಿ ಮಾಡಿದ್ದಾರೆ, 2017ರ ಸ್ಟಡಿ ಅದು. ಮೊಟ್ಟೆ ತಿನ್ನದ ಮನೆಯವರಾದ್ರೆ ಅದಕ್ಕಾಗಿ ಆಚಾರ ಬಿಡ್ಬೇಕು ಅಂತಿಲ್ಲ, ನೀವು ಮನೇಲಿ ಏನು ತಿಂತೀರೋ ಅದನ್ನ ಬೇಗ ರೂಢಿ ಮಾಡಿಸಿ.

ಹೊಸ ಪದಾರ್ಥ ಕೊಟ್ಟು ಎರಡು ಗಂಟೆ ಕಣ್ಣಿಟ್ಟಿರಿ. ಬಾಯಿ ಸುತ್ತ ಆಹಾರ ತಾಗಿದ ಕಡೆ ಒಂಚೂರು ಕೆಂಪಾದ್ರೆ ಅದೇ ಅಲರ್ಜಿ ಅಂತಲ್ಲ, ತಿನ್ನಿಸೋ ಮುಂಚೆ ಬಾಯಿ ಸುತ್ತ ವ್ಯಾಸಲಿನ್ ಹಚ್ಚಿರಿ. ಮೈಯೆಲ್ಲಾ ಗಂಧೆ ಎದ್ರೆ, ತುಟಿ ಕಣ್ಣು ಊದಿದ್ರೆ ಆ ಪದಾರ್ಥ ನಿಲ್ಲಿಸಿ ಡಾಕ್ಟ್ರಿಗೆ ತೋರಿಸಿ. ಉಸಿರಾಡೋಕೆ ಕಷ್ಟ ಆದ್ರೆ, ಬಿಡದೆ ವಾಂತಿ, ಮಗು ಬಿಳಿಚಿ ಜೋಲು ಬಿದ್ರೆ ಯಾರನ್ನೂ ಕೇಳ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಹಾಸನ_ಹಟ್ಟಿಮನೆ

ನಮ್ಮಜ್ಜಿ ಹತ್ತು ಮಕ್ಕಳನ್ನ ಕೊಟ್ಟಿಗೆ ಪಕ್ಕದ ಕೋಣೇಲೇ ಸಾಕಿದ್ರು, ಯಾರಿಗೂ ಇಸಬೂ ಇಲ್ಲ ವೀಸಿಂಗೂ ಇಲ್ಲ. ಈಗಿನ ಮಕ್ಕಳನ್ನ ಮಣ್ಣಿಗೇ ಬಿಡಲ್ಲ, ಟೈಲ್ಸು ಫಿನಾಯಿಲು, ನೆಗಡಿ ಆದ್ರೂ ಆಂಟಿಬಯೋಟಿಕ್ಕು. ದನ ಕರು ಮಧ್ಯೆ ಬೆಳೆದ್ರೆ ಇದೆಲ್ಲಾ ಬರೋದೇ ಇಲ್ಲ ಅನ್ನೋದು ನನ್ನ ನಂಬಿಕೆ.

ಮೈಸೂರು_ಲ್ಯಾಬ್‌ಹುಡುಗಿ

ಅಣ್ಣಾ ನಿಮ್ಮ ಮಾತಲ್ಲಿ ಸತ್ಯ ಇದೆ. ಅಮೆರಿಕದಲ್ಲಿ ಆಮಿಷ್, ಹಟರೈಟ್ ಅಂತ ಎರಡು ರೈತ ಸಮುದಾಯ ಇವೆ, ಇಬ್ರೂ ಯೂರೋಪಿಂದ ಬಂದೋರು, ಊಟ ಜೀವನ ಹೆಚ್ಚೂ ಕಮ್ಮಿ ಒಂದೇ. ಆಮಿಷ್ ಜನ ಇನ್ನೂ ಕುದುರೆ ಕಟ್ಟಿ ಉಳ್ತಾರೆ, ಮಕ್ಕಳು ಕೊಟ್ಟಿಗೇಲೇ ಓಡಾಡ್ತಾವೆ, ಹಟರೈಟ್ ಜನ ಮಷೀನಲ್ಲಿ ದೊಡ್ಡ ಮಟ್ಟದ ಬೇಸಾಯ ಮಾಡ್ತಾರೆ, ದನ ಮನೆಯಿಂದ ದೂರ. 2016ರ ಸ್ಟಡೀಲಿ ಆಮಿಷ್ ಮಕ್ಕಳಲ್ಲಿ ಆಸ್ತಮಾ ನೂರಕ್ಕೆ 5, ಹಟರೈಟ್ ಮಕ್ಕಳಲ್ಲಿ 21. ಆಮಿಷ್ ಮನೆ ಧೂಳಲ್ಲಿ ಬ್ಯಾಕ್ಟೀರಿಯಾ ಅಂಶ ತುಂಬಾ ಜಾಸ್ತಿ ಇತ್ತು, ಅದು ರೋಗನಿರೋಧಕ ವ್ಯವಸ್ಥೆಗೆ ಚಿಕ್ಕಂದಿನಲ್ಲೇ ತರಬೇತಿ ಕೊಡುತ್ತೆ ಅಂತ ವಿವರಣೆ. ಜಾಸ್ತಿ ಅಣ್ಣ ಅಕ್ಕಂದಿರು ಇರೋ ಮನೆಯ ಚಿಕ್ಕ ಮಕ್ಕಳಿಗೆ ಇಸಬು, ಅಲರ್ಜಿ ನೆಗಡಿ ಕಮ್ಮಿ ಅಂತ 1989ರಲ್ಲೇ ಲಂಡನ್ನಿನ ಸ್ಟ್ರಾಚನ್ ಅನ್ನೋರು ಬರೆದಿದ್ರು.

ಆದ್ರೆ ಇದೆಲ್ಲಾ ಆಸ್ತಮಾ, ಧೂಳಿನ ಅಲರ್ಜೀಲಿ ಕಂಡಷ್ಟು ಚೆನ್ನಾಗಿ ಇಸಬಲ್ಲಿ ಕಾಣಲ್ಲ, ಹಳ್ಳಿ ಮಕ್ಕಳಿಗೂ ಬರುತ್ತೆ. ಆಗ್ಲೇ ಕೆನ್ನೆ ಒಡೆದು ನೀರು ಒಸರ್ತಿರೋ ಮಗೂನ ಕೊಟ್ಟಿಗೇಲಿ ಕೂರಿಸಿದ್ರೆ ಸೆಪ್ಟಿಕ್ ಆಗೋದು ಗ್ಯಾರಂಟಿ, ಅದು ಮಾತ್ರ ದಯವಿಟ್ಟು ಬೇಡ. ಹಸೀ ಹಾಲೂ ಬೇಡ, ಬ್ರೂಸೆಲ್ಲಾ (ದನಗಳಿಂದ ಬರೋ ಒಂದು ಜ್ವರ), ಟಿಬಿ ಎಲ್ಲಾ ಅದ್ರಿಂದ ಬರುತ್ತೆ. ಆಂಟಿಬಯೋಟಿಕ್ ಬಗ್ಗೆ ನೀವು ಹೇಳಿದ್ದಕ್ಕೆ ಪೂರ್ತಿ ಒಪ್ತೀನಿ, ಬೇಕಾದಾಗ ಮಾತ್ರ ಕೊಡ್ಬೇಕು. ಮನೇಲಿ ಯಾರಾದ್ರೂ ಬೀಡಿ ಸಿಗರೇಟ್ ಸೇದ್ತಿದ್ರೆ ಅದನ್ನ ನಿಲ್ಲಿಸೋದು ಮಗು ಉಸಿರಿಗೆ ಎಲ್ಲಕ್ಕಿಂತ ದೊಡ್ಡ ಉಪಕಾರ.

ಏಳುತಿಂಗಳು_ತುಮಕೂರು

ನನಗೆ ಈಗ ಏಳು ತಿಂಗಳು, ಎರಡನೇದು. ಮೊದಲನೇ ಮಗೂಗೆ ಇಸಬು ಇತ್ತು. ಹುಟ್ಟಿದ ದಿನದಿಂದಾನೇ ಮಾಯಿಶ್ಚರೈಸರ್ ಹಚ್ಚಿದ್ರೆ ಈ ಮಗೂಗೆ ಬರದೇ ಇರೋ ಹಾಗೆ ಮಾಡಬಹುದಾ? ಈಗ ನಾನು ತಿನ್ನೋದ್ರಲ್ಲಿ ಏನಾದ್ರೂ ಬಿಡ್ಬೇಕಾ?

ಚರ್ಮವೈದ್ಯೆ_ಶಿವಮೊಗ್ಗ

ತಿನ್ನೋದ್ರಲ್ಲಿ ಏನೂ ಬಿಡ್ಬೇಡಿ, ನಿಮಗೇ ಅಲರ್ಜಿ ಇರೋದು ಬಿಟ್ಟು. ಮಾಯಿಶ್ಚರೈಸರ್ ವಿಷ್ಯದಲ್ಲಿ ನಮಗೆಲ್ಲಾ ಬಹಳ ಆಸೆ ಇತ್ತು, ಆದ್ರೆ ಇಂಗ್ಲೆಂಡಲ್ಲಿ ಅಪಾಯ ಹೆಚ್ಚಿರೋ 1,394 ಮಕ್ಕಳ ಮೇಲೆ ಮಾಡಿದ ಬೀಪ್ ಟ್ರಯಲ್ 2020ರಲ್ಲಿ ಬಂತು, ಒಂದು ವರ್ಷ ದಿನಾ ಹಚ್ಚಿದ ಮಕ್ಕಳಲ್ಲಿ ಎರಡನೇ ವರ್ಷಕ್ಕೆ ಇಸಬು ನೂರಕ್ಕೆ 23, ಹಚ್ಚದೋರಲ್ಲಿ 25, ಅಂದ್ರೆ ಹೆಚ್ಚೂ ಕಮ್ಮಿ ಒಂದೇ. ಹಚ್ಚಿದ ಗುಂಪಲ್ಲಿ ಚರ್ಮದ ಇನ್‌ಫೆಕ್ಷನ್ ಸ್ವಲ್ಪ ಜಾಸ್ತೀನೇ ಇತ್ತು. ಐರ್ಲೆಂಡಲ್ಲಿ ಹುಟ್ಟಿದ ನಾಲ್ಕೈದು ದಿನದೊಳಗೆ ಶುರು ಮಾಡಿ ಎರಡೇ ತಿಂಗಳು ಹಚ್ಚಿದ 321 ಮಕ್ಕಳ ಸ್ಟಡೀಲಿ ಆದ್ರೆ ಫಲ ಕಂಡಿದೆ, ಒಂದು ವರ್ಷಕ್ಕೆ ಹಚ್ಚಿದೋರಲ್ಲಿ ಇಸಬು ನೂರಕ್ಕೆ 33, ಹಚ್ಚದೋರಲ್ಲಿ 46. ಹಾಗಾಗಿ ಹಚ್ಚಿದ್ರೆ ಬರೋದೇ ಇಲ್ಲ ಅಂತ ನಾನು ಮಾತು ಕೊಡೋಕಾಗಲ್ಲ. ಚರ್ಮ ಒಣಗಿದೆ ಅನ್ನಿಸಿದ್ರೆ ಹಚ್ಚಿ, ವಾಸನೆ ಇಲ್ಲದ್ದು, ಕೈ ತೊಳೆದು.

ನಿಮ್ಮ ಕೈಲಿ ಇರೋದು ಬೇರೆ. ಎರಡನೇ ಮಗು ಅಂದ್ರೆ ಏನು ನೋಡ್ಬೇಕು ಅಂತ ನಿಮಗೆ ಆಗ್ಲೇ ಗೊತ್ತಿದೆ, ಕೆನ್ನೇಲಿ ಮೊದಲ ಒರಟು ಕಂಡ ವಾರಾನೇ ಬನ್ನಿ, ತಿಂಗಳು ಕಾಯಬೇಡಿ. ಮನೆಗೆ ಮಗು ನೋಡೋಕೆ ಬರೋರಲ್ಲಿ ಯಾರಿಗಾದ್ರೂ ತುಟಿ ಹತ್ರ ನೀರು ಗುಳ್ಳೆ ಎದ್ದಿದ್ರೆ ಮುತ್ತು ಕೊಡೋಕೆ ಬಿಡ್ಬೇಡಿ, ಆ ಹರ್ಪಿಸ್ ವೈರಸ್ ಇಸಬಿನ ಚರ್ಮಕ್ಕೆ ಹತ್ತಿದ್ರೆ ಮೈಯೆಲ್ಲಾ ಹರಡಿ ಆಸ್ಪತ್ರೆ ಸೇರಬೇಕಾಗತ್ತೆ. ಲಸಿಕೆ ಎಲ್ಲಾ ಟೈಮಿಗೆ ಸರಿಯಾಗಿ ಹಾಕಿಸಿ, ಇಸಬು ಇದೆ ಅಂತ ಯಾವುದನ್ನೂ ಮುಂದಕ್ಕೆ ಹಾಕೋದು ಬೇಡ. ಮತ್ತೆ ದೊಡ್ಡ ಮಗೂಗೆ ಈಗ ಹೇಗಿದೆ, ಕಡ್ಲೆಕಾಯಿ ಮೊಟ್ಟೆ ತಿಂತಾನಾ?

ಏಳುತಿಂಗಳು_ತುಮಕೂರು

ಅವಳು ಡಾಕ್ಟ್ರೇ, ಹುಡುಗಿ. ಮೂರು ವರ್ಷ. ಕಡ್ಲೆಕಾಯಿ ಚಿಕ್ಕಿ ಅಂದ್ರೆ ಪ್ರಾಣ, ಮೊಟ್ಟೆನೂ ತಿಂತಾಳೆ, ಏನೂ ತೊಂದ್ರೆ ಇಲ್ಲ. ಇಸಬು ಮೊಣಕೈ ಮಡಿಕೇಲಿ ಮಾತ್ರ ಇದೆ. ನೀವು ಹೇಳಿದ್ದು ಬರ್ಕೊಂಡಿದ್ದೀನಿ, ನಮ್ಮಮ್ಮ ಬಾಣಂತನಕ್ಕೆ ಬರ್ತಾರೆ, ನೀರಿನ ಬಿಸಿ ಮತ್ತೆ ಸಾಂಬ್ರಾಣಿ ಬಗ್ಗೆ ಅವರಿಗೆ ಮೊದಲೇ ಫೋನಲ್ಲಿ ಹೇಳ್ತೀನಿ.